ಹನ್ನೆರಡು ಫರಸಿಯ ಬೈಠಕ್

ಜುಲೈ 11, 2002, ಗುರುವಾರ

ಇವತ್ತು ಬೆಳಿಗ್ಗೆ ಅವ್ವನನ್ನು ಬೀಳಿಸಿದೆ.

ಇಪ್ಪತ್ತೆರಡು ವರ್ಷಗಳಿಂದ ಶಹಾಬಾದಿನ ಹೈಸ್ಕೂಲಿನಲ್ಲಿ ಸನ್ನೆಕೋಲಿನ ಪಾಠ ಮಾಡುತ್ತಿರುವ ವಿಜ್ಞಾನದ ಮಾಸ್ತರ ನಾನು. ಕಪ್ಪು ಹಲಗೆಯ ಮೇಲೆ ಎಂಥ ಬಂಡೆಯನ್ನಾದರೂ ಒಂದು ಬೆರಳಲ್ಲಿ ಎತ್ತಿ ತೋರಿಸುತ್ತೇನೆ. ಮನೆಯಲ್ಲಿ ಮಂಚದಿಂದ ಕುರ್ಚಿಗೆ ಇರುವುದು ಎರಡು ಹೆಜ್ಜೆ. ಅಷ್ಟು ದೂರ ಐವತ್ತೆರಡು ಕೆಜಿ ತೂಕದ ತಾಯಿಯನ್ನು ಒಯ್ಯಲು ಆಗಲಿಲ್ಲ. ಬಗ್ಗಿ ಎತ್ತಿದೆ, ಸೊಂಟದಲ್ಲಿ ಛಳಕು ಹೊಡೆಯಿತು, ಕೈ ಸಡಿಲಾಯಿತು. ಬಿದ್ದಲ್ಲಿಂದಲೇ ಅವ್ವ ಕೇಳಿದ್ದು, "ಪಮ್ಯಾ, ನಿನ್ನ ಸೊಂಟಕ್ಕೇನೂ ಆಗಿಲ್ಲಲ್ಲ?"

ಪಮ್ಯಾ ಎಂದರೆ ಪವಮಾನ. ವಾಯುದೇವರ ಹೆಸರು. ಹನುಮಂತನಿಗೂ ಭೀಮಸೇನನಿಗೂ ತಂದೆಯಾದವನ ಹೆಸರನ್ನು ಹುಡುಕಿ ಹುಡುಕಿ ನನಗೆ ಇಟ್ಟಿದ್ದಾಳೆ. ಒಬ್ಬ ಮಗ ಬೆಟ್ಟ ಎತ್ತಿದ, ಇನ್ನೊಬ್ಬ ಆನೆ ಎಸೆದ. ಅಪ್ಪನ ಕೈಯಲ್ಲಿ ಮುದುಕಿ ನಿಲ್ಲಲಿಲ್ಲ.

ಅವ್ವ ಮೇ ತಿಂಗಳಲ್ಲಿ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಗುಲಬರ್ಗಾದಲ್ಲಿ ಆಪರೇಷನ್ ಆಯಿತು, ಒಳಗೆ ಸಲಾಕೆ ಕೂತಿತು, ನಡಿಗೆ ಮಾತ್ರ ಮರಳಲಿಲ್ಲ. ಈಗ ದಿನಕ್ಕೆ ನಾಲ್ಕು ಸಲ ಎತ್ತಿ ಇಳಿಸಬೇಕು. ಅನಸುಬಾಯಿ ಎಂಬ ಗಟ್ಟಿಗಿತ್ತಿಯನ್ನು ಕೆಲಸಕ್ಕೆ ಇಟ್ಟಿದ್ದೆವು. ಸ್ನಾನವಾದ ಮೇಲೆ ಮಡಿಯಲ್ಲಿದ್ದವರೇ ಮುಟ್ಟಬೇಕೆಂದು ಅವ್ವ ಎರಡನೇ ದಿನವೇ ಅವಳನ್ನು ಕಳಿಸಿಬಿಟ್ಟಳು. ನನ್ನ ಹೆಂಡತಿ ಶ್ರೀವಾಣಿಗೆ ಹೋದ ವರ್ಷ ಗರ್ಭಕೋಶದ ಆಪರೇಷನ್ ಆಗಿದೆ, ಭಾರ ಎತ್ತಬಾರದು. ಉಳಿದವರು ವಾಯುದೇವರು.

ಡಾಕ್ಟರು ಬಂದು ನೋಡಿ, ಎಲುಬಿಗೆ ಏನೂ ಆಗಿಲ್ಲ ಎಂದರು. ಸಂಜೆ ಸೋಲಾಪುರದಿಂದ ತಂಗಿ ಶ್ರೀವಿದ್ಯಾಳ ಫೋನು. "ಅಣ್ಣಾ, ನಿನ್ನ ಕೈಲೆ ಆಗಂಗಿಲ್ಲ ಅಂದ್ರ ಆಗಂಗಿಲ್ಲ ಅನ್ನು. ನನ್ನ ಮಕ್ಕಳಿಬ್ಬರೂ ಗಟ್ಟಿ ಅದಾರ. ತುಳಸಿ ಲಗ್ನದ ತನಕಾ ನೋಡ್ತೀನಿ. ಆಮ್ಯಾಲೆ ಅವ್ವನ್ನ ಕರಕೊಂಡು ಹೋಗ್ತೀನಿ."

ಅವ್ವನಿಗೆ ಹೇಳಿದೆ. "ಅಳಿಯನ ಮನ್ಯಾಗ ಬಚ್ಚಲಕ್ಕ ಎತ್ತಿಸ್ಕೋಬೇಕೇನು ನಾ?" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಇವತ್ತು ರಾತ್ರಿ ಊಟ ಬೇಡವಂತೆ.

ತುಳಸಿ ಲಗ್ನ ನವೆಂಬರ್ 16. ನಾಲ್ಕು ತಿಂಗಳು ಇದೆ. ಅಷ್ಟರಲ್ಲಿ ನಾನು ಭೀಮಸೇನ ಆಗತಕ್ಕದ್ದು.

ಜುಲೈ 14, ಭಾನುವಾರ

ಸೊಂಟ ಹಿಡಿದುಕೊಂಡು ಕಾಯಿಪಲ್ಲೆ ತರಲು ಹೋದಾಗ ಹಾಜಿಮಲಂಗ್ ಸಿಕ್ಕ. ನನ್ನ ಹಳೆಯ ವಿದ್ಯಾರ್ಥಿ. ಸನ್ನೆಕೋಲಿಗೆ ಉದಾಹರಣೆ ಕೊಡಿ ಎಂಬ ಪ್ರಶ್ನೆಗೆ ಹಾರೆಯ ಚಿತ್ರ ಬರೆದು, 'ಇದರಲಿಂದ ನಮ್ಮ ಅಬ್ಬಾ ಖಣಿಯಾಗ ಕಲ್ಲು ಎಬ್ಬಸ್ತಾರ' ಎಂದು ಉತ್ತರಿಸಿದ್ದ. ಪುಸ್ತಕದ ಭಾಷೆಯಲ್ಲಿಲ್ಲ ಎಂದು ನಾನು ಸೊನ್ನೆ ಕೊಟ್ಟಿದ್ದೆ. ಈಗ ಮೂವತ್ತೆರಡು ವರ್ಷದವನು. ಹಗಲು ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹೊಡೆಯುತ್ತಾನೆ, ಬೆಳಿಗ್ಗೆ ಒಂದು ತಾಲೀಮು, ಅಂದರೆ ಗರಡಿಮನೆ, ನಡೆಸುತ್ತಾನೆ.

"ಸರ್, ನಡಗಿ ಯಾಕ ಹಂಗ ಆಗ್ಯದ್ರಿ?" ಎಂದ. ಯಾರಿಗೂ ಹೇಳಬಾರದು ಅಂದುಕೊಂಡಿದ್ದೆ. ಬದನೆಕಾಯಿ ಆರಿಸುತ್ತಾ ಎಲ್ಲವನ್ನೂ ಹೇಳಿಬಿಟ್ಟೆ.

ಅವನು ನಗಲಿಲ್ಲ. ಅದೇ ಹೆಚ್ಚು ಕಸಿವಿಸಿ. "ಬಗ್ಗಿ ಎತ್ತೀರಿ ಸರ್. ಲಾರಿಗಿ ಫರಸಿ ತುಂಬೋರು ಹಂಗ ಎತ್ತಿದ್ರ ಎರಡನೇ ದಿನಕ್ಕ ಮನಿಗಿ ಹೋಗ್ತಾರ್ರಿ. ಎತ್ತೂದು ಕೈಲಿಂದ ಅಲ್ರಿ, ಕುಂಡಿಲಿಂದ."

ಸಂತೆಯ ನಡುವೆ, ಗುರುಗಳಿಗೆ, ಇಷ್ಟು ಗಟ್ಟಿ ದನಿಯಲ್ಲಿ.

ಹೈದರಾಬಾದಿನಲ್ಲಿ ಭಾರ ಎತ್ತುವ ಸ್ಪರ್ಧೆಗೆ ಹೋದಾಗ ಒಬ್ಬ ಉಸ್ತಾದರು ಅವನಿಗೆ ಇದನ್ನು ಕಲಿಸಿದರಂತೆ. ಇಂಗ್ಲಿಷಿನಲ್ಲಿ ಬಾಕ್ಸ್ ಸ್ಕ್ವಾಟ್, ಇವರ ತಾಲೀಮಿನಲ್ಲಿ ಪೆಟ್ಟಿಗಿ ಬೈಠಕ್. ಹಿಂದೆ ಒಂದು ಪೆಟ್ಟಿಗೆ ಇಟ್ಟುಕೊಂಡು, ಕುಂಡೆಯನ್ನು ಹಿಂದಕ್ಕೆ ಸರಿಸುತ್ತಾ ಅದರ ಮೇಲೆ ಕೂರಬೇಕು. ಒಂದು ಉಸಿರು ನಿಲ್ಲಬೇಕು. ಆಮೇಲೆ ಹಿಮ್ಮಡಿ ಒತ್ತಿ ಏಳಬೇಕು. ಮೊದಲು ಬರಿಗೈಲಿ, ನಂತರ ಹೆಗಲ ಮೇಲೆ ಸರಳು ಹೊತ್ತು. "ಪೆಟ್ಟಿಗಿ ಸುಳ್ಳು ಹೇಳಂಗಿಲ್ರಿ ಸರ್. ಎಷ್ಟು ಕೆಳಗ ಹೋದ್ರಿ ಅಂತ ಅದಕ್ಕ ಗೊತ್ತಿರ್ತದ."

ನಲವತ್ತೆಂಟು ವರ್ಷಕ್ಕೆ ಕೂರುವುದು ಏಳುವುದು ಕಲಿಯಲು ಹೊರಟಿದ್ದೇನೆ. ಇದನ್ನು ಮಕ್ಕಳು ಒಂದನೇ ವರ್ಷಕ್ಕೆ ಪುಕ್ಕಟೆ ಕಲಿಯುತ್ತವೆ.

ಜುಲೈ 17, ಬುಧವಾರ

ಪೆಟ್ಟಿಗೆಯ ಸ್ವಯಂವರ.

ಮೊದಲ ವರ, ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು. ಎತ್ತರ ಚೆನ್ನಾಗಿತ್ತು. ಮೂರನೇ ಸಲ ಕೂತಾಗ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋದವು. ಎರಡನೇ ವರ, ಶ್ರೀವಾಣಿಯ ಜೋಳದ ಹಿಟ್ಟಿನ ಡಬ್ಬಿ. ಮುಚ್ಚಳ ಒಳಗೆ ಹೋಯಿತು, ನಾನೂ ಸ್ವಲ್ಪ ಹೋದೆ. ಮೂರನೆಯದು ಶಾಲೆಯ ಪ್ರಯೋಗಾಲಯದ ಮರದ ಪೆಟ್ಟಿಗೆ. ಗಟ್ಟಿಮುಟ್ಟು, ಆದರೆ ಇಪ್ಪತ್ತೆರಡು ಇಂಚು ಎತ್ತರ. ಅದರ ಮೇಲೆ ಕೂತು ಎದ್ದರೆ ಅದು ವ್ಯಾಯಾಮವಲ್ಲ, ನೌಕರಿ.

"ಏನ್ ಮಾಡಲಿಕತ್ತೀರಿ ನೀವು?" ಎಂದು ಶ್ರೀವಾಣಿ ಹಿಟ್ಟು ಝಾಡಿಸುತ್ತಾ ಕೇಳಿದಳು.

"ಅವ್ವನ್ನ ಎತ್ತಲಿಕ್ಕೆ ಕಲೀಲಿಕತ್ತೀನಿ."

"ಹಿಟ್ಟಿನ ಡಬ್ಬಿ ಮ್ಯಾಲ ಕುಂತು?"

ಒಳಗೆ ಹೋದ ಮುಚ್ಚಳವನ್ನು ಎಳೆದು ತೆಗೆದೆ.

ಅವ್ವನ ಮಂಚದ ಎತ್ತರ ಅಳೆದೆ. ಹದಿಮೂರೂವರೆ ಇಂಚು. ಕಾಲಿನ ಕೆಳಗೆ ಇಟ್ಟಿಗೆ ಇಟ್ಟು ಎತ್ತರ ಮಾಡೋಣ ಎಂದರೆ ಅವ್ವ, "ಚಾತುರ್ಮಾಸದಾಗ ನೆಲಕ್ಕ ಮಲಗಬೇಕು. ನೀವು ಮಂಚದ ಮ್ಯಾಲ ಹಾಕೀರಿ, ಇನ್ನ ಅಟ್ಟಕ್ಕೇರಸ್ತೀರೇನು?" ಎಂದಳು. ಅಂದರೆ ನಾನು ಇಳಿಯಬೇಕಾದದ್ದು ಹದಿಮೂರೂವರೆ ಇಂಚಿನವರೆಗೆ. ಸದ್ಯ ನನ್ನ ಮೊಣಕಾಲುಗಳು ಇಪ್ಪತ್ತು ಇಂಚಿಗೇ ನಮಸ್ಕಾರ ಹೇಳುತ್ತವೆ.

ಜುಲೈ 20, ಶನಿವಾರ

ಆಷಾಢ ಏಕಾದಶಿ. ಅವ್ವನ ನಿರ್ಜಲ ಉಪವಾಸ. ನಾಳೆಯಿಂದ ಚಾತುರ್ಮಾಸದ ಮೊದಲ ತಿಂಗಳು, ಶಾಕವ್ರತ, ಕಾಯಿಪಲ್ಲೆ ಇಲ್ಲ. ಎರಡನೇ ತಿಂಗಳು ಮೊಸರು ಇಲ್ಲ, ಮೂರನೆಯದು ಹಾಲು ಇಲ್ಲ, ನಾಲ್ಕನೆಯದು ಬೇಳೆ ಇಲ್ಲ. ನಮ್ಮ ಹಿರಿಯರು ಭಾಳ ಜಾಣರು. ನಾಲ್ಕು ತಿಂಗಳೂ ನಾಲ್ಕನ್ನೂ ಒಟ್ಟಿಗೇ ಬಿಡಿಸಿದ್ದರೆ ಐದನೇ ತಿಂಗಳಿಗೆ ಮತ ಉಳಿಯುತ್ತಿರಲಿಲ್ಲ.

"ಬ್ಯಾನಿಯಾಗ ಬಿದ್ದವರಿಗೆ ವ್ರತ ಬ್ಯಾಡ್ರಿ, ದೇವರು ಸಿಟ್ಟಾಗಂಗಿಲ್ಲ" ಎಂದು ಶ್ರೀವಾಣಿ ಹೇಳಿ ನೋಡಿದಳು. ಅವ್ವ ಅಂದಳು, "ಐವತ್ತು ವರ್ಷ ಹಿಡದೀನಿ, ಈಗೇನು ಬಿಡ್ಲಿ?"

ತಾಲೀಮಿನಲ್ಲಿ ಪೆಟ್ಟಿಗೆಯ ಸಮಸ್ಯೆ ಬಗೆಹರಿಯಿತು. ಊರಲ್ಲಿ ಗೋಡೆ ಫರಸಿ, ನೆಲ ಫರಸಿ, ಮಾಳಿಗೆ ಫರಸಿ, ಹೊಲದ ಬೇಲಿ ಕೂಡ ಫರಸಿ. ನಾನು ಹಿಟ್ಟಿನ ಡಬ್ಬಿ ಹುಡುಕುತ್ತಾ ಕೂತಿದ್ದೆ. ಮಲಂಗ್ ಒಂದೂವರೆ ಇಂಚು ದಪ್ಪದ ಚೌಕ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ. ಹನ್ನೆರಡು ಕಲ್ಲು, ಹದಿನೆಂಟು ಇಂಚು. "ಮೊಣಕಾಲು ಗಟ್ಟಿ ಆದಂಗ ಒಂದೊಂದ್ ಕಲ್ಲು ತಗಿಯೂದ್ರಿ ಸರ್. ಒಂಬತ್ತಕ್ಕ ಬಂದ್ರ ಅವ್ವಾರ ಮಂಚದ ಎತ್ತರ."

ಮೂರು ಕಲ್ಲು ತೆಗೆಯಬೇಕು. ಇಷ್ಟೇ. ಎಷ್ಟು ಸಣ್ಣ ಕೆಲಸ ಎಂದುಕೊಂಡು ಒಮ್ಮೆ ಕೂತೆ. ಏಳಲು ಇಬ್ಬರು ಪೈಲವಾನರು ಬೇಕಾದರು.

ಜುಲೈ 24, ಬುಧವಾರ

ಗುರುಪೂರ್ಣಿಮೆ. ಶಿಷ್ಯ ಗುರುಕಾಣಿಕೆ ಕೊಟ್ಟ.

ಸರ್ ಕೂರುವ ಕಲ್ಲು ಒರಟಾಗಿರಬಾರದು ಎಂದು ಮಲಂಗ್ ಮೇಲಿನ ಫರಸಿಗೆ ಎರಡು ದಿನ ಪಾಲಿಶ್ ಹೊಡೆದಿದ್ದ. ಮುಖ ಕಾಣುತ್ತಿತ್ತು. ಮಂತ್ರಿಗಳ ಮನೆಯ ಹಜಾರಕ್ಕೆ ಹಾಕುವ ಕಲ್ಲು ನನ್ನ ಕುಂಡೆಯ ಕೆಳಗೆ. ಬಣ್ಣದ ನೈಲಾನ್ ಪ್ಯಾಂಟು ಹಾಕಿಕೊಂಡು, ಅವನು ಹೇಳಿದ ಹಾಗೆ ಹಿಂದಕ್ಕೆ ಸರಿಯುತ್ತಾ ಕೂತೆ. ಕೂತ ರಭಸಕ್ಕೆ ಹಾಗೆಯೇ ಹಿಂದಕ್ಕೆ ಸರಿದು, ಕಲ್ಲಿನ ಆಚೆ ಬದಿಯಿಂದ ಇಳಿದು, ಕೆಂಪು ಮಣ್ಣಿನ ಅಖಾಡದಲ್ಲಿ ಅಂಗಾತ ಬಿದ್ದೆ. ಘರ್ಷಣೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಇಷ್ಟು ವರ್ಷ ಬರೀ ಬಾಯಿಯಲ್ಲಿ ಹೇಳುತ್ತಿದ್ದೆ.

ಮಲಂಗ್ ಕಿವಿ ಹಿಡಿದುಕೊಂಡು, "ತಪ್ಪಾಯ್ತು ಸರ್, ಇಜ್ಜತ್ ಕೊಡಾಕ ಹೋಗಿ ಬೀಳಿಸಿಬಿಟ್ಟೆ" ಎಂದ. ಆಮೇಲೆ ಕಲ್ಲು ಮಗುಚಿ ಹಾಕಿ, ಒರಟು ಬದಿಯ ಮೇಲೆ ಗೋಣಿಚೀಲ ಹಾಸಿದ. ಹವಾಯಿ ಚಪ್ಪಲಿ ಬಿಡಿಸಿದ. ಬರಿಗಾಲು, ಅಗಲ ನಿಲುವು, ಹತ್ತಿಯ ಚಡ್ಡಿ. ಸೊಂಟಕ್ಕೆ ಅಗಲವಾದ ಚರ್ಮದ ಪಟ್ಟಿ ಕೊಡಲು ಬಂದ, ನಾನು ಬೇಡವೆಂದು ಮಡಿ ಪಂಚೆಯನ್ನು ನಾಲ್ಕು ಸುತ್ತು ಬಿಗಿದೆ.

ಮನೆಯಲ್ಲಿ ಈ ಕತೆ ಹೇಳಿದಾಗ ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎರಡು ತಿಂಗಳ ಮೇಲೆ ನಕ್ಕಿದ್ದಾಳೆ. ದಿನಾ ಬೀಳಬಹುದು ಅನ್ನಿಸಿತು.

ಆಗಸ್ಟ್ 6, ಮಂಗಳವಾರ

ಹನ್ನೊಂದು ಕಲ್ಲು. ಹೆಗಲ ಮೇಲೆ ಇನ್ನೂ ಬಿದಿರಿನ ಕೋಲು. ನಾನು ಕೂತದ್ದನ್ನು ಮಲಂಗ್ ಒಪ್ಪುವುದಿಲ್ಲ. "ಸರ್, ನೀವು ಕುಂದ್ರಂಗಿಲ್ರಿ. ಕೊನೀ ನಾಕು ಇಂಚು ಬೀಳ್ತೀರಿ. ಪೆಟ್ಟಿಗಿ ಅದ ಅಂತ ಭರೋಸಾ ಮ್ಯಾಲ ಜೀವಾ ಬಿಡ್ತೀರಿ."

ಸೊನ್ನೆ ಕೊಟ್ಟ ಸೇಡು ತೀರಿಸಿಕೊಳ್ಳುತ್ತಿದ್ದಾನೆ.

ಆಗಸ್ಟ್ 19, ಸೋಮವಾರ

ಮೊಸರಿನ ತಿಂಗಳು ಶುರು. ಅವ್ವ ಇನ್ನೊಂದು ಸೇರಿಸಿದ್ದಾಳೆ, ಒಪ್ಪತ್ತು. ದಿನಕ್ಕೆ ಒಂದೇ ಊಟ. ರಾತ್ರಿ ಬರೀ ಹಾಲು, ಅದೂ ಅರ್ಧ ಲೋಟ. ಯಾವ ಪುಣ್ಯಕ್ಕೆ ಎಂದು ಕೇಳಿದರೆ, "ನಿನ್ನ ಕೈಕಾಲಿಗಿ ಶಕ್ತಿ ಬರ್ಲಿ ಅಂತ" ಎಂದಳು.

ನಾನು ಬೆಳಿಗ್ಗೆ ಐದಕ್ಕೆ ಎದ್ದು ಕಲ್ಲಿನ ಮೇಲೆ ಕೂತು ಏಳುವುದು, ಶಕ್ತಿಯ ಕೀರ್ತಿ ಒಪ್ಪತ್ತಿಗೆ ಹೋಗುವುದು. ಇದೇ ನಮ್ಮ ದೇಶದಲ್ಲಿ ವಿಜ್ಞಾನದ ಗತಿ.

ಆದರೆ ಹೌದು, ಇವತ್ತು ಎತ್ತುವಾಗ ಮೊದಲಿನ ಹಾಗೆ ಕಣ್ಣು ಕತ್ತಲೆ ಬರಲಿಲ್ಲ. ಕುಂಡೆ ಹಿಂದೆ, ಎದೆ ಮುಂದೆ, ಅವ್ವನ ಕೈ ನನ್ನ ಕೊರಳಿಗೆ, ಹಿಮ್ಮಡಿ ಒತ್ತಿದೆ, ಎದ್ದೆ. ಶ್ರೀವಾಣಿ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದಳು. ನಾನು ನೋಡದವನ ಹಾಗೆ ನಟಿಸಿದೆ.

ಸೆಪ್ಟೆಂಬರ್ 1, ಭಾನುವಾರ

ಬಿದಿರು ಹೋಯಿತು, ಕಬ್ಬಿಣದ ಸರಳು ಬಂತು. ಬರೀ ಸರಳೇ ಹತ್ತು ಕೆಜಿ.

ಸರಳನ್ನು ನೆಲದಿಂದ ಎತ್ತಿ ಹೆಗಲಿಗೆ ತರುವುದರಲ್ಲೇ ನಾನು ಮುಗಿದಿರುತ್ತೇನೆ, ಅದಕ್ಕೇ ಸರಳು ಇಡಲು ಕಂಬ ಬೇಕು. ಪಟ್ಟಣದಲ್ಲಿ ಇದಕ್ಕೆ ಕಬ್ಬಿಣದ ಸ್ಟ್ಯಾಂಡು ಇರುತ್ತದಂತೆ. ಮಲಂಗ್ ಬೇಲಿಗೆ ನೆಡುವ ಎರಡು ಉದ್ದನೆಯ ಫರಸಿಗಳನ್ನು ತಂದು ಮಣ್ಣಿನಲ್ಲಿ ಹೂತ. ಅವುಗಳ ತಲೆಯ ಮೇಲೆ ಸರಳು ಕೂರುವ ಹಾಗೆ ಅರ್ಧಚಂದ್ರ ಕೊರೆದ. ಎತ್ತರ ಎಷ್ಟು ಎಂದು ಕೇಳಿದ್ದಕ್ಕೆ, "ನಿಮ್ಮ ಎದಿಗಿಂತ ಎರಡು ಬೆರಳು ಮ್ಯಾಲ. ತುದಿಗಾಲಿನ ಮ್ಯಾಲ ನಿಂತು ತಗೊಂಡ್ರ ವಾಪಸ್ ಇಡಾಗ ತ್ರಾಣ ಇರಂಗಿಲ್ರಿ" ಎಂದ. ನನ್ನ ಒಬ್ಬನ ಅಳತೆಗೆ ಕೊರೆದ ಕಂಬ. ತಾಲೀಮಿನ ಪೈಲವಾನರೆಲ್ಲ ನನಗಿಂತ ಎತ್ತರ, ಅವರಿಗೆ ಅದು ಉಪಯೋಗಕ್ಕೇ ಬರುವುದಿಲ್ಲ.

ತೂಕದ ಬಿಲ್ಲೆಗಳು ಸಾಲದ್ದಕ್ಕೆ ಎಣ್ಣೆ ಡಬ್ಬಿಯಲ್ಲಿ ಸಿಮೆಂಟು ತುಂಬಿ ಮಾಡಿದ್ದಾರೆ. ಸುತ್ತ ಇಷ್ಟು ಸಿಮೆಂಟು ಕಾರ್ಖಾನೆ ಇದ್ದು ನಮಗಾದ ಮೊದಲ ಉಪಕಾರ.

ಚಹಾ ಕುಡಿದು ಬಂದೆ. ಅವರ ಬಶಿಯಲ್ಲೇ ಕುಡಿದೆ. ಅವ್ವನಿಗೆ ಹೇಳಿಲ್ಲ.

ಸೆಪ್ಟೆಂಬರ್ 22, ಭಾನುವಾರ

ಹತ್ತು ಕಲ್ಲು, ಮೂವತ್ತು ಕೆಜಿ!

ಮನೆಯಲ್ಲಿ ಇನ್ನೂ ಚಲೋ. ನಾಲ್ಕು ಸಲವೂ ತಡೆಯಿಲ್ಲದೆ ಎತ್ತಿದೆ. ಮಡಿಯಲ್ಲಿ ಬಚ್ಚಲಿಂದ ದೇವರ ಮನೆಯವರೆಗೆ ಹದಿಮೂರು ಹೆಜ್ಜೆ ಎತ್ತಿಕೊಂಡೇ ಹೋದೆ. ನಡುವೆ ನಿಂತು, "ಅವ್ವಾ, ಇಲ್ಲೇ ಒಂದು ಪ್ರದಕ್ಷಿಣಿ ಹಾಕ್ಲೇನು?" ಎಂದೆ. "ಸಾಕು ಸಾಕು, ಸೊಕ್ಕು ಮಾಡಬ್ಯಾಡ" ಎಂದು ತಲೆಗೆ ಮೊಟಕಿದಳು.

ಶ್ರೀವಾಣಿ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ, "ಅತ್ತಿಯವರು ಮಧ್ಯಾಹ್ನದ ಅನ್ನಾನೂ ಅರ್ಧ ಬಿಡ್ತಾರ್ರಿ. ಈ ತಿಂಗಳು ಹಾಲೂ ಇಲ್ಲ" ಎಂದಳು.

"ವ್ರತ ಅಲ್ಲೇನು? ತುಳಸಿ ಲಗ್ನ ಆದ್ ಮ್ಯಾಲ ಉಣ್ತಾಳ ಬಿಡು. ನಮ್ಮ ಮನ್ಯಾಗ ಯಾರು ವ್ರತಾ ಮಾಡಿ ಸತ್ತಾರ?" ಎಂದೆ.

ಸ್ವಲ್ಪ ಒರಟಾಯಿತು. ಆದರೆ ಇಂಥ ದಿನ ಅಡುಗೆಮನೆಯ ವರದಿ ಯಾರಿಗೆ ಬೇಕು.

ಅಕ್ಟೋಬರ್ 2, ಬುಧವಾರ

ಗಾಂಧಿ ಜಯಂತಿ, ರಜೆ. ಮೂವತ್ತೈದು ಕೆಜಿ.

ಅವ್ವನ ಸೀರೆ ಈಗ ಇನ್ನೊಂದು ಸುತ್ತು ಹೆಚ್ಚಿಗೆ ಬರುತ್ತದೆ ಎಂದು ಶ್ರೀವಾಣಿ ಹೇಳಿದಳು. ಸೀರೆ ತೊಳೆದು ತೊಳೆದು ಹಿಗ್ಗಿರಬೇಕು. ಶಾಖಕ್ಕೆ ವಸ್ತುಗಳು ಹಿಗ್ಗುತ್ತವೆ, ಏಳನೇ ಇಯತ್ತೆಯ ಪಾಠ.

ಅಕ್ಟೋಬರ್ 18, ಶುಕ್ರವಾರ

ದಸರೆಗೆ ಮಲಂಗ್ ಬನ್ನಿ ಕೊಡಲು ಮನೆಗೆ ಬಂದಿದ್ದ. ಹೊರಗಿನ ಕಟ್ಟೆಯ ಮೇಲೆ ಕೂತ. ಅವ್ವ ಒಳಗಿನಿಂದಲೇ ಕೂಗಿ ಮಾತಾಡಿಸಿದಳು.

"ಏನಪಾ ಉಸ್ತಾದ, ನಮ್ಮ ಪಮ್ಯಾ ಎಷ್ಟು ಎತ್ತತಾನ ಈಗ?"

"ನಲವತ್ತು ಕಿಲೋ ಎತ್ತತಾರ್ರಿ ಅವ್ವಾರ. ಒಂಬತ್ತು ಕಲ್ಲಿನ ಮ್ಯಾಲ."

"ನಲವತ್ತೇ?"

"ಹೌದ್ರಿ. ಸರ್ ವಯಸ್ಸಿಗಿ ಅದು ಭಾಳ ಆಯ್ತ್ರಿ."

ಅವ್ವ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು. ಮುದುಕಿಗೆ ಎಷ್ಟಾದರೂ ಕಡಿಮೆಯೇ. ಮಗ ಲಾರಿ ಎತ್ತಬೇಕಿತ್ತೇನೋ.

ಒಂಬತ್ತು ಕಲ್ಲು ಮುಟ್ಟಿದ್ದೇನೆ ಎಂಬುದನ್ನು ಇಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು. ಶಾಲೆಯಲ್ಲಿ ಮೆಟ್ಟಿಲು ಹತ್ತುವಾಗ ಮೊಣಕಾಲು ಸದ್ದು ಮಾಡುವುದಿಲ್ಲ. ಹೆಡ್‌ಮಾಸ್ತರರು ಏದುಸಿರು ಬಿಡುವುದನ್ನು ಮೇಲಿನಿಂದ ನಿಂತು ನೋಡಿದೆ. ಪಾಪ ಅನ್ನಿಸಿತು, ಸಂತೋಷವೂ ಆಯಿತು.

ಅಕ್ಟೋಬರ್ 29, ಮಂಗಳವಾರ

ನಲವತ್ತು. ಮತ್ತೆ ನಲವತ್ತು. ನಲವತ್ತೆರಡೂವರೆ ಹಾಕಿದರೆ ಕಲ್ಲಿನ ಮೇಲೆ ಕೂತವನು ಏಳುವುದಿಲ್ಲ, ಸತ್ಯಾಗ್ರಹಿಯ ಹಾಗೆ. ಮಲಂಗ್, "ಅವಸರ ಬ್ಯಾಡ್ರಿ ಸರ್" ಎನ್ನುತ್ತಾನೆ.

ಅವಸರ ಯಾರಿಗಿದೆ? ಮನೆಯಲ್ಲಿ ಅವ್ವನನ್ನು ಎತ್ತುವುದು ಈಗ ಹೂವಿನ ಬುಟ್ಟಿ ಎತ್ತಿದ ಹಾಗೆ. ಮನೆಯ ಭಾರ ಬೇರೆ, ತಾಲೀಮಿನ ಭಾರ ಬೇರೆ ಇರಬೇಕು. ತಾಯಿಯ ಮೇಲಿನ ಭಕ್ತಿಯಿಂದ ಸ್ನಾಯುಗಳಲ್ಲಿ ವಿಶೇಷ ಬಲ ಬರುತ್ತದೆ ಎಂದು ನನ್ನ ಸಿದ್ಧಾಂತ.

ನವೆಂಬರ್ 5, ಮಂಗಳವಾರ

ದೀಪಾವಳಿ ಪಾಡ್ಯ. ಆರತಿ ಆಯಿತು. ಅವ್ವ ಹೋಳಿಗೆ ಮುಟ್ಟಲಿಲ್ಲ, ಬೇಳೆ ಬಿಟ್ಟ ತಿಂಗಳು. ಕೂತಲ್ಲೇ ನಿದ್ದೆ ಹೋದಳು.

ನವೆಂಬರ್ 15, ಶುಕ್ರವಾರ

ಶ್ರೀವಿದ್ಯಾ ಬಂದಿಳಿದಳು. ಅವ್ವ ನಿದ್ದೆಯಲ್ಲಿದ್ದಳು, ಏಕಾದಶಿ ಬೇರೆ. ಬಾಗಿಲಲ್ಲಿ ನಿಂತು ನೋಡಿದವಳು ಗೋಡೆಗೆ ಒರಗಿ ಕೂತುಬಿಟ್ಟಳು. ಪ್ರಯಾಣದ ಆಯಾಸ.

ನಾಳೆ ತಂಗಿಯ ಮುಂದೆ ನನ್ನ ಪರೀಕ್ಷೆ.

ನವೆಂಬರ್ 16, ಶನಿವಾರ

ಬೆಳಿಗ್ಗೆ ತಲೆಯ ಮೇಲೆ ನೀರು ಹಾಕಿಕೊಂಡು ಮಡಿ ಉಟ್ಟು ತಂಗಿಯ ಮುಂದೆ ಅವ್ವನನ್ನು ಎತ್ತಿದೆ. ಬಚ್ಚಲಿಂದ ದೇವರ ಮನೆಗೆ, ಅಲ್ಲಿಂದ ಪಾರಣೆಯ ಎಲೆಯ ಮುಂದೆ. ಒಂದು ಹೆಜ್ಜೆ ತಪ್ಪಲಿಲ್ಲ, ಉಸಿರು ಹೆಚ್ಚಾಗಲಿಲ್ಲ. ಇಳಿಸಿ, ತಂಗಿಯ ಕಡೆ ತಿರುಗಿ, "ಏನಂತೀ ಈಗ?" ಎಂದೆ. ಅವಳು ತಲೆಯಾಡಿಸಿದಳು, ಅಷ್ಟೇ. ಕರುಬಿರಬೇಕು ಎಂದುಕೊಂಡೆ.

ನಾಲ್ಕು ತಿಂಗಳ ವ್ರತ ಮುಗಿದ ಪಾರಣೆ. ಶ್ರೀವಾಣಿ ಎಲ್ಲ ಪಲ್ಯ, ಮಜ್ಜಿಗೆ, ಹಾಲು, ಬೇಳೆ, ಬಿಟ್ಟದ್ದನ್ನೆಲ್ಲ ಒಟ್ಟಿಗೆ ಮಾಡಿದ್ದಳು. ಅವ್ವ ಎರಡು ತುತ್ತು ಉಂಡು ಕೈ ತೊಳೆದಳು.

"ವ್ರತ ಮುಗೀತಲ್ಲ ಅವ್ವಾ?" ಎಂದೆ.

"ಒಪ್ಪತ್ತು ರೂಢಿ ಆಗ್ಯದೋ. ಹಿಂಗ ಚಲೋ ಅದ."

ಆಮೇಲೆ ನಾನು ಶಾಲೆಗೆ ಹೊರಡಲು ಅಂಗಿ ಹಾಕುತ್ತಿದ್ದೆ. ಹಾಸಿಗೆಯ ಚಾದರ ಬದಲಿಸಬೇಕಿತ್ತು. ಶ್ರೀವಿದ್ಯಾ ನನ್ನನ್ನು ಕರೆಯಲಿಲ್ಲ. ಬಗ್ಗಿದಳು, ಅವ್ವನ ಕೆಳಗೆ ಎರಡು ಕೈ ಹಾಕಿದಳು, ಎತ್ತಿ ಕುರ್ಚಿಯಲ್ಲಿ ಕೂರಿಸಿದಳು. ಒಬ್ಬಳೇ. ಐವತ್ತು ಕೆಜಿಯೂ ಇಲ್ಲದ ನನ್ನ ತಂಗಿ. ಕಲ್ಲಿಲ್ಲ, ಸರಳಿಲ್ಲ, ಉಸ್ತಾದ ಇಲ್ಲ. ಎತ್ತಿದ್ದೂ ತಪ್ಪಾಗಿ, ಸೊಂಟದಿಂದ.

ಸತ್ಯ ಬರೆಯುತ್ತೇನೆ, ಮೊದಲು ಸಿಟ್ಟು ಬಂತು. ನಾಲ್ಕು ತಿಂಗಳು ನಾನು ಹಿಮ್ಮಡಿ ಒತ್ತಿದ್ದು ಇದಕ್ಕೇನು ಎಂದು.

ಅವಳು ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಚ್ಚಿದಳು. ಅಳುತ್ತಿದ್ದಳು. "ಅಣ್ಣಾ, ನೀ ಗಟ್ಟಿ ಆಗೀದಿ ಅಂತ ತಿಳಕೊಂಡೀ ಏನು?"

ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆಯ ತೂಕದ ಯಂತ್ರ ಇದೆ. ಮಧ್ಯಾಹ್ನ ಅದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದೆ. ಒಬ್ಬನೇ ನಿಂತೆ, ಎಪ್ಪತ್ತೆಂಟು. ನಿದ್ದೆಯ ಮಂಪರಿನಲ್ಲಿದ್ದ ಅವ್ವನನ್ನು ಎತ್ತಿಕೊಂಡು ನಿಂತೆ. ಮುಳ್ಳು ಅಲುಗಾಡಿ ನೂರಾ ಹದಿನೇಳಕ್ಕೆ ನಿಂತಿತು.

ಮೂವತ್ತೊಂಬತ್ತು.

ಒಂದು ಪ್ರಯೋಗದಲ್ಲಿ ಒಂದೇ ಅಂಶವನ್ನು ಬದಲಿಸಬೇಕು, ಉಳಿದದ್ದು ಸ್ಥಿರವಾಗಿರಬೇಕು ಎಂದು ಪ್ರತಿ ಜೂನ್ ತಿಂಗಳು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. ತಾಲೀಮಿನ ನಲವತ್ತು ಕೆಜಿ ನಲವತ್ತಾಗಿಯೇ ಇತ್ತು.

ನವೆಂಬರ್ 17, ಭಾನುವಾರ

ಬೆಳಿಗ್ಗೆ ತಾಲೀಮಿಗೆ ಹೋಗಲಿಲ್ಲ. ಅವ್ವನ ಮಂಚದ ಬದಿಗೆ ನೆಲದ ಮೇಲೆ ಕೂತೆ. ಶ್ರೀವಾಣಿ ಮತ್ತು ಶ್ರೀವಿದ್ಯಾ ಬಾಗಿಲಲ್ಲಿ ನಿಂತಿದ್ದರು.

"ಯಾಕ ಹಿಂಗ ಮಾಡ್ದಿ ಅವ್ವಾ? ವ್ರತ ಅಂತ ಸುಳ್ಳು ಯಾಕ ಹೇಳ್ದಿ?"

"ವ್ರತ ಸುಳ್ಳಾಗ್ತದೇನೋ? ಖರೇನ ವ್ರತ ಹಿಡದಿದ್ದೆ. ನಾಕು ತುತ್ತು ಹೆಚ್ಚಿಗಿ ಬಿಟ್ಟೆ, ಅಷ್ಟ."

"ನಿನಗ ಏನರ ಆಗಿದ್ರ?"

"ಆಗಲಿಲ್ಲಲ್ಲ. ಉಸ್ತಾದ ನಲವತ್ತು ಅಂದ. ನಲವತ್ತರ ಒಳಗ ಇರಬೇಕು ಅಂತ ಇದ್ದೆ." ಮಕ್ಕಳು ಗಣಿತದ ಉತ್ತರ ಹೇಳುವ ಹಾಗೆ ಹೇಳಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಜೀವನದಲ್ಲಿ ಮೊದಲ ಸಲ ಅವ್ವನ ಮೇಲೆ ಕೂಗಾಡಿದೆ. "ಬೀಳ್ತೀನಿ ಅಂತ ಅಷ್ಟು ಅಂಜಿಕಿ ಇತ್ತಂದ್ರ ಶ್ರೀವಿದ್ಯಾನ ಮನಿಗಿ ಹೋಗಬೇಕಿತ್ತು! ಉಪವಾಸ ಬಿದ್ದು ಸಾಯೂದಾ? ನಾ ಅಷ್ಟು ಕೆಲಸಕ್ಕ ಬಾರದವ ಏನು?"

"ಬೀಳೂದಕ್ಕ ಯಾರು ಅಂಜತಾರೋ ಹುಚ್ಚಾ?" ಎಂದಳು ಅವ್ವ. "ಎಂಬತ್ತು ವರ್ಷದಾಗ ಎಷ್ಟ್ ಸಲ ಬಿದ್ದೀನಿ. ಆವತ್ತ ನಾ ಬಿದ್ದ ಮ್ಯಾಲ ನೀ ಬಚ್ಚಲಕ್ಕ ಹೋಗಿ, ನಳ ಬಿಟ್ಟು, ಸಣ್ಣ ಹುಡುಗರಂಗ ಅತ್ತಿ. ನೀರಿನ ಸಪ್ಪಳದಾಗ ನನಗ ಕೇಳಸಂಗಿಲ್ಲ ಅಂತ ತಿಳದಿದ್ದಿ. ಅದು ಇನ್ನೊಮ್ಮಿ ಕೇಳಲಿಕ್ಕಾಗಂಗಿಲ್ಲ ನನಗ."

ನಾನು ಅತ್ತದ್ದನ್ನು ಈ ಪುಸ್ತಕದಲ್ಲಿ ಬರೆದಿಲ್ಲ. ಯಾರೂ ಓದದ ಪುಸ್ತಕದಲ್ಲಿ ಕೂಡ ಬರೆದಿರಲಿಲ್ಲ. ಹನುಮಂತ ಭೀಮ ಎಂದು ಏನೇನೋ ಚೇಷ್ಟೆ ಬರೆದು ಪುಟ ತುಂಬಿಸಿದ್ದೇನೆ.

ಶ್ರೀವಿದ್ಯಾ ಬಂದು ಅವ್ವನ ಕಾಲ ಹತ್ತಿರ ಕೂತಳು. "ನಾ ಕರಕೊಂಡು ಹೋಗಂಗಿಲ್ಲವ್ವ. ನೀ ಇಲ್ಲೇ ಇರು. ಆದ್ರ ಉಣ್ಣು" ಎಂದಳು.

"ಉಂಡ್ರ ಭಾರ ಆಗ್ತೀನಿ."

"ಆಗು," ಎಂದೆ ನಾನು. "ಐವತ್ತೆರಡಕ್ಕ ಬಾ, ಅರವತ್ತಕ್ಕ ಬಾ. ಮಲಂಗ್‌ನ ಹತ್ರ ಸಿಮೆಂಟಿನ ಡಬ್ಬಿ ಇನ್ನೂ ಭಾಳ ಅವ."

"ನಡುವ ಕೈ ಸಡಲಾದ್ರ?"

"ಅನಸುಬಾಯಿನ ಕರೀತೀನಿ. ಇಬ್ಬರೂ ಕೂಡಿ ಎತ್ತತೀವಿ. ಅಕಿಗೂ ಒಂದು ಮಡಿ ಸೀರಿ ಉಡಸ್ತೀನಿ, ನೀ ಬಾಯಿ ಮುಚ್ಚಿಕೊಂಡಿರಬೇಕು."

ಅವ್ವ ನನ್ನ ಮುಖವನ್ನೇ ನೋಡಿದಳು. ಮಡಿಯ ಮಾತಿಗೆ ಜಗಳ ತೆಗೆಯುತ್ತಾಳೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. "ಹಂಗಾರ ಒಂದು ಮಾತು ಕೊಡು," ಎಂದು ಒಣಗಿದ ಅಂಗೈ ಚಾಚಿದಳು. "ಇನ್ನೊಮ್ಮಿ ನಾ ಬಿದ್ರ ಅಳಬಾರದು ನೀ."

ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಕೊಡುವಾಗಲೇ ಅಳುತ್ತಿದ್ದೆ. ಅವ್ವ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಶ್ರೀವಾಣಿ ಬಿಸಿ ರೊಟ್ಟಿ ತಂದಳು, ಹಾಲಿನಲ್ಲಿ ಮುರಿದು ಹಾಕಿದಳು. ಮುಕ್ಕಾಲು ರೊಟ್ಟಿ ಉಂಡು, ಉಳಿದ ಕಾಲು ಭಾಗವನ್ನು ಅವ್ವ ನನ್ನ ಬಾಯಿಗೆ ಇಟ್ಟಳು.